ಕಿವಿಗೆ ಹಚ್ಚಿ ನೋಡಿದ ಬೆಳ್ಳಿ

ಬೆಳ್ಳಿ ಬೆಳಗುವುದನ್ನು ಕಲಿಸಿಕೊಡಿ ಎಂದು ಈಗಲೂ ಒಬ್ಬಿಬ್ಬರು ಹುಡುಗರು ನನ್ನ ಮನೆಯ ಕಟ್ಟೆಗೆ ಬಂದು ಕೂಡುತ್ತಾರೆ. ಕಣ್ಣು ಮಂಜಾಗಿದೆ, ಬೆರಳು ಮೊದಲಿನಂತೆ ಮಡಚುವುದಿಲ್ಲ. ಆದರೆ ಬಾಯಿ ಇನ್ನೂ ನಡೆಯುತ್ತದೆ. ಹುಣಸೆಹಣ್ಣು ಎಷ್ಟು, ಅಂಟುವಾಳ ಎಷ್ಟು ಎಂದು ಅವರು ಕೇಳುತ್ತಾರೆ. ಅದನ್ನು ಅವರ ಅವ್ವಂದಿರೇ ಹೇಳಿಕೊಟ್ಟಾರು. ನಾನು ಹೇಳಬೇಕಾದದ್ದು ಬೇರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ಪೇಟೆಗಳ ನಡುವೆ ಚೀಲ ಹೆಗಲಿಗೆ ಹಾಕಿಕೊಂಡು ಓಡಾಡಿದ ಇಷ್ಟು ವರ್ಷಗಳಲ್ಲಿ ನಾನು ಮಾಡಿದ ತಪ್ಪು ಒಂದೆರಡಲ್ಲ. ಅವುಗಳಲ್ಲಿ ಒಂದರಿಂದಾಗಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಗುಟುಕು ನೀರಿಲ್ಲದೆ ಒಂದು ರಾತ್ರಿ ಒಂದು ಹಗಲು ಕೂತರು. ಅದನ್ನು ಬರೆಸಿಟ್ಟರೆ ಉಳಿದ ತಪ್ಪುಗಳನ್ನು ನೀವೇ ತಪ್ಪಿಸಿಕೊಳ್ಳುತ್ತೀರಿ ಎಂದು ನನ್ನ ನಂಬಿಕೆ.

ನಮ್ಮ ಅಂಗಡಿ ಗೋಕಾಕದಲ್ಲಿತ್ತು. ದೊಡ್ಡಪ್ಪನದು. ಹೊಸ ಒಡವೆ ಮಾಡುವ ಪತ್ತಾರರು ಆ ಓಣಿಯಲ್ಲಿ ಇನ್ನೂ ಇದ್ದರು. ಆದರೆ ಹಳೆಯ ಒಡವೆಯನ್ನು ತೊಳೆದು, ಸಡಿಲಾದ ಹರಳನ್ನು ಕೂಡಿಸಿ, ಹರಿದ ಸರ ಪೋಣಿಸಿ ಕೊಡುವುದಕ್ಕೆ ಜನ ದೊಡ್ಡಪ್ಪನ ಹತ್ತಿರವೇ ಬರುತ್ತಿದ್ದರು. ಆತ ಮಾತು ಕಡಿಮೆ, ಬೈಗಳು ಹೆಚ್ಚು ಎನ್ನುವಂಥ ಮನುಷ್ಯ. ಕೆಲಸ ಕಲಿಸುವಾಗ ಕೈ ಹಿಡಿದು ತೋರಿಸುತ್ತಿರಲಿಲ್ಲ. ನಾನು ತಪ್ಪು ಮಾಡುವವರೆಗೆ ಸುಮ್ಮನೆ ನೋಡುತ್ತಿದ್ದ, ಆಮೇಲೆ ಹೇಳುತ್ತಿದ್ದ.

ಒಂದು ಸಲ ಹುಕ್ಕೇರಿಯ ದೊಡ್ಡ ಮನೆತನದ ಬಾಯಿಯೊಬ್ಬರು ಕಿವಿಗೆ ಹಾಕುವ ಕೆಂಪು ಹರಳಿನ ಬುಗುಡಿ ಕಳಿಸಿದ್ದರು. ಕೊಳೆ ಕೂತು ಮಂಕಾಗಿತ್ತು. ನಾನು ಅಂಟುವಾಳದ ಬಿಸಿನೀರಿನಲ್ಲಿ ಅದ್ದಿಟ್ಟು, ಹೊರಗೆ ತೆಗೆದು ನೋಡಿದರೆ ಹರಳು ಸತ್ತಂತಾಗಿತ್ತು. ವಾರದ ಸಂತೆಗೆ ಹೋದಾಗ ಬಾಯಿಯವರು ಅದನ್ನು ಬೆಳಕಿಗೆ ಹಿಡಿದು, "ಏನೋ ತಮ್ಮಾ, ಕೆಂಡ ಕೊಟ್ಟು ಕಳಿಸಿದ್ದೆ. ಹುಣಸಿಬೀಜ ತಂದಿಯಲ್ಲ" ಎಂದರು. ಅಕ್ಕಪಕ್ಕದವರು ನಕ್ಕರು. ನಾನು ಬುಗುಡಿಯನ್ನು ಅರಿವೆಯಲ್ಲಿ ಸುತ್ತಿಕೊಂಡು ಗೋಕಾಕಕ್ಕೆ ಮರಳಿದೆ.

ದೊಡ್ಡಪ್ಪ ಹಿಂಬದಿಯ ಮುಚ್ಚಿಗೆಯನ್ನು ಬಿಡಿಸಿ ತೋರಿಸಿದ. ಹರಳಿನ ಕೆಳಗೆ ಕಾಗದಕ್ಕಿಂತ ತೆಳುವಾದ ಬಣ್ಣದ ತಗಡು ಇರುತ್ತದೆ. ಹರಳು ಉರಿಯುವುದು ಅದರ ಬೆಳಕಿನಿಂದ. ನನ್ನ ನೀರು ಒಳಗೆ ಹೋಗಿ ಆ ತಗಡು ಕಪ್ಪಾಗಿತ್ತು.

"ಹಿಂದ ಮುಚ್ಚಿದ್ದಕ ನೀರು ತೋರಸಬ್ಯಾಡ" ಎಂದ ದೊಡ್ಡಪ್ಪ. "ಬಾಯಿ ಹಬಿ ಬಿಡು, ಅರಿವಿಲೆ ಒರಸು. ಅಷ್ಟ."

"ಮದಲ ಹೇಳಬಾರದಿತ್ತೇನ್ ದೊಡ್ಡಪ್ಪಾ?"

"ಮದಲ ಹೇಳಿದ್ರ ನಿನ್ನ ತಲ್ಯಾಗ ಉಳೀತಿತ್ತೇನ್?"

ಉಳಿಯುತ್ತಿರಲಿಲ್ಲ. ಮುತ್ತಿಗೆ ಹುಳಿ ಮುಟ್ಟಿಸಬಾರದು, ಮುಟ್ಟಿಸಿದರೆ ಹುಳಿ ಅದರ ಹೊಳಪನ್ನು ತಿಂದುಬಿಡುತ್ತದೆ. ಪಚ್ಚೆಯನ್ನು ಬಿಸಿನೀರಿಗೆ ಹಾಕಬಾರದು. ಗುಂಡಿನ ಸರದ ಗುಂಡುಗಳೊಳಗೆ ಅರಗು ತುಂಬಿರುತ್ತದೆ, ಕೆಂಡದ ಹತ್ತಿರ ಒಯ್ಯಬಾರದು. ಇವೆಲ್ಲ ಹೀಗೆಯೇ ಒಂದೊಂದು ಬೈಗಳಿನ ಜೊತೆ ನನಗೆ ಬಂದವು.

ಒಂದನ್ನು ಮಾತ್ರ ದೊಡ್ಡಪ್ಪ ಮೊದಲೇ ಹೇಳಿದ್ದ. ಬೆಂಕಿಗೆ ತೋರಿಸಿದ ಬೆಳ್ಳಿಯನ್ನು ಯಾರ ಕೈಗೆ ಕೊಡುವ ಮೊದಲೂ ಕಿವಿಯ ತುದಿಗೆ ಹಚ್ಚಿ ನೋಡಬೇಕು. ನಮ್ಮ ಬೆರಳುಗಳು ಕೆಂಡ ಹಿಡಿದು ಹಿಡಿದು ದಡ್ಡಾಗಿರುತ್ತವೆ, ಬಿಸಿಯನ್ನು ಬಿಸಿ ಎನ್ನುವುದಿಲ್ಲ. ಕಿವಿ ಸುಳ್ಳು ಹೇಳುವುದಿಲ್ಲ. ಕಿವಿಗೆ ತಣ್ಣಗೆ ಹತ್ತಿದರೆ ಕೊಡಬಹುದು. ದೊಡ್ಡಪ್ಪ ಪ್ರತಿಯೊಂದು ಒಡವೆಯನ್ನೂ ಹಾಗೆ ಕಿವಿಗೆ ಹಿಡಿದು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ಬೆಳ್ಳಿ ಏನೋ ಗುಟ್ಟು ಹೇಳುತ್ತಿದೆ ಎಂದು ಗಿರಾಕಿಗಳು ಅಂದುಕೊಳ್ಳುತ್ತಿದ್ದರು.

ಮೊದಲೇ ಹೇಳಿದ್ದಾದ್ದರಿಂದ ಅದೊಂದೇ ನನ್ನ ತಲೆಯಲ್ಲಿ ಉಳಿಯಲಿಲ್ಲ.

ಶ್ರಾವಣ ಬರುವ ಮುಂಚೆ ನಮಗೆ ಹಳ್ಳಿಗಳಲ್ಲಿ ಕೆಲಸ. ಕೌಜಲಗಿ, ಅಂಕಲಗಿ ಕಡೆಯ ಮನೆಗಳಲ್ಲಿ ಲಿಂಗ ಕಟ್ಟಿಕೊಂಡವರೆಲ್ಲ ತಮ್ಮ ಕರಡಿಗೆ ಬೆಳಗಿಸುತ್ತಿದ್ದರು. ಇಷ್ಟಲಿಂಗವನ್ನು ಇಟ್ಟುಕೊಂಡು ಎದೆಯ ಮೇಲೆ ಧರಿಸುವ ಬೆಳ್ಳಿಯ ಭರಣಿ ಅದು. ಉಳಿದ ಒಡವೆಗಳನ್ನು ಅಂಗಡಿಗೆ ತಂದು ಕೊಟ್ಟು ವಾರ ಬಿಟ್ಟು ಒಯ್ಯುತ್ತಿದ್ದರು. ಕರಡಿಗೆಯ ಕೆಲಸ ಹಾಗಲ್ಲ. ಲಿಂಗ ಮೈಯನ್ನು ಬಿಟ್ಟು ಇರುವ ಹಾಗಿಲ್ಲ. ಆದ್ದರಿಂದ ಅವರು ಲಿಂಗವನ್ನು ಹೊರಗೆ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ನನ್ನ ಎದುರಿಗೇ ಕೂಡುತ್ತಿದ್ದರು. ನಾನು ಖಾಲಿ ಕರಡಿಗೆಯನ್ನು ತೊಳೆದು, ಉಜ್ಜಿ, ಒಣಗಿಸಿ ಕೊಟ್ಟ ಮೇಲೆಯೇ ಅವರ ಅಂಗೈ ಕೆಳಗೆ ಇಳಿಯುತ್ತಿತ್ತು. ಒಬ್ಬ ಮನುಷ್ಯ ಅಂಗೈ ಎತ್ತಿಕೊಂಡು ಎಷ್ಟು ಹೊತ್ತು ಕೂಡಬಲ್ಲ? ಅಷ್ಟೇ ನನಗಿರುವ ಹೊತ್ತು. ಈ ಕೆಲಸದಲ್ಲಿ ಗಡಿಯಾರವೆಂದರೆ ಎದುರಿಗೆ ಕೂತವರ ತೋಳು.

ಆ ವರ್ಷ ಕೌಜಲಗಿಯಲ್ಲಿ ಶಿವಬಸಪ್ಪಜ್ಜ ಎಂಬ ಹಿರಿಯರ ಮನೆಯ ಪಡಸಾಲೆಯಲ್ಲಿ ನನ್ನ ಚೀಲ ಬಿಚ್ಚಿದ್ದೆ. ಓಣಿಯವರು ಹತ್ತು ಮಂದಿ ಬಂದಿದ್ದರು. ಅಜ್ಜ ಎಲ್ಲರನ್ನೂ ಮುಂದೆ ಬಿಟ್ಟು ತಾವು ಕೊನೆಗೆ ಕೂತರು. ಹೊರಗೆ ಜಿಟಿಜಿಟಿ ಮಳೆ. ತೊಳೆದ ಬೆಳ್ಳಿಯನ್ನು ಒಣಗಿಸಲು ನಾವು ಮರದ ಹೊಟ್ಟಿನಲ್ಲಿ ಹೊರಳಿಸುತ್ತೇವೆ. ಅಂದು ಹೊಟ್ಟೂ ತೇವವಾಗಿತ್ತು. ಅದಕ್ಕೆ ಕೆಂಡದ ಶೆಗಡಿ ಇಟ್ಟುಕೊಂಡು ಒಂದೊಂದನ್ನೇ ಕಾಯಿಸಿ, ಆರಲು ಬಿಟ್ಟು ಕೊಡುತ್ತಿದ್ದೆ. ಅಜ್ಜನ ಸರದಿ ಬರುವಾಗ ಮಧ್ಯಾಹ್ನ ಇಳಿದಿತ್ತು. ನಾನು ಹಳ್ಳ ತುಂಬುವ ಮೊದಲು ಮೂಡಲಗಿ ಮುಟ್ಟಬೇಕಿತ್ತು.

ಅಜ್ಜನ ಕರಡಿಗೆ ತೂಕದ್ದು, ಕಂಠದಲ್ಲಿ ಸಣ್ಣ ಬಳ್ಳಿಯ ಕೆತ್ತನೆ. ಬಳ್ಳಿಯ ಸಂದಿಯಲ್ಲಿ ಹಳೆಯ ವಿಭೂತಿ ಕೂತು ಗಟ್ಟಿಯಾಗಿತ್ತು. ಅದನ್ನು ಬಿಡಿಸಲು ಹೊತ್ತು ಹಿಡಿಯಿತು. ಅಜ್ಜನ ಅಂಗೈ ನಡುಗತೊಡಗಿತು. ಬಾಗಿಲಲ್ಲಿ ನಿಂತಿದ್ದ ಸೊಸೆ ನೀಲವ್ವ ನೋಡಿದಳು.

"ಪತ್ತಾರಣ್ಣ, ಸ್ವಲ್ಪ ಲಗೂ ಮಾಡ್ರಿ. ಮಾವಾರ ಕೈ ನಡಗಾಕತ್ತೇತಿ."

"ಆತವ್ವಾ, ಒಣಗಿದ್ರ ಮುಗೀತು."

ಶೆಗಡಿಯ ಮೇಲಿಂದ ತೆಗೆದೆ. ಬೆರಳಿಗೆ ಬಿಸಿ ಅನ್ನಿಸಲಿಲ್ಲ. ಲಿಂಗಕ್ಕೆ ಸುತ್ತುವ ಪಾವಡದ ಅರಿವೆಯನ್ನು ಅಂದು ತೊಳೆದು ಹಾಕಿದ್ದರು, ಮಳೆಗೆ ಅದು ಒಣಗಿರಲಿಲ್ಲ. ನೀಲವ್ವ ಹಸಿ ಪಾವಡ ಹಿಡಿದುಕೊಂಡು, "ಇದರದೇನು ಮಾಡೂದ್ರಿ?" ಎಂದಳು.

ನಾನು ಹೇಳಿದೆ: "ಒಳಗ ಕನ್ನಡಿ ಆಗೇತಿ ನೋಡವ್ವಾ. ಒಂದಿನ ಹಂಗ ಇರ್ಲಿ. ನಾಳೆ ಒಣಗಿದ ಮ್ಯಾಲ ಸುತ್ತೀರಂತ."

ಅಜ್ಜ ಲಿಂಗವನ್ನು ಒಳಗಿಟ್ಟು ಮುಚ್ಚಿ, ಎದೆಗೆ ಹಚ್ಚಿಕೊಂಡು, ಕೊನೆಗೂ ಕೈ ಕೊಡವಿಕೊಂಡರು. "ಛಲೋ ಮಾಡಿದಿ ತಮ್ಮಾ" ಎಂದರು. ನಾನು ಚೀಲ ಕಟ್ಟಿಕೊಂಡು ಹೊರಟೆ.

ಲಿಂಗದ ಮೈಮೇಲೆ ಕರಿಯ ಕಂಥಿಯ ಲೇಪವಿರುತ್ತದೆ. ಅಜ್ಜನ ಲಿಂಗಕ್ಕೆ ತಿಂಗಳ ಹಿಂದಷ್ಟೇ ಹೊಸ ಕಂಥಿ ಮಾಡಿಸಿದ್ದರು. ಹೊಸದು ಬಿಸಿಗೆ ಬೇಗ ಮೆತ್ತಗಾಗುತ್ತದೆ. ನಾನು ಅದನ್ನು ಕೇಳಲಿಲ್ಲ, ಬೆಳ್ಳಿಯನ್ನು ಕಿವಿಗೆ ಹಚ್ಚಲಿಲ್ಲ, ನಡುವೆ ಇರಬೇಕಾದ ಪಾವಡವನ್ನೂ ಬೇಡವೆಂದೆ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಉಳಿದೆರಡು ಲಿಂಗವನ್ನು ಕಾಪಾಡುತ್ತಿದ್ದವು.

ಮರುದಿನ ಮುಂಜಾನೆ ಮೂಡಲಗಿಯಲ್ಲಿ ಒಬ್ಬ ಗೌಡತಿಯ ಎದುರು ಕನ್ನಡಿ ಹಿಡಿದುಕೊಂಡು ಕೂತಿದ್ದೆ. ಅವರ ಮೂಗಿನ ನತ್ತಿನ ಮುತ್ತುಗಳು ಹಳದಿಯಾಗಿದ್ದವು, ಆದರೆ ನತ್ತು ಬಿಚ್ಚಲು ಅವರು ಒಪ್ಪುತ್ತಿರಲಿಲ್ಲ. ಗಂಡ ಇರುವಾಗ ಮೂಗು ಬರಿದು ಮಾಡುವುದುಂಟೇ ಎನ್ನುವ ಕಾಲ. ಇಂಥಲ್ಲಿ ನಾನು ಕನ್ನಡಿ ಹಿಡಿದು ಹೇಳುವುದು, ಅವರು ಅರಳೆಗೆ ಅಕ್ಕಿಹಿಟ್ಟು ಹಚ್ಚಿ ತಾವೇ ಒರೆಸಿಕೊಳ್ಳುವುದು.

"ಎಡಕ್ರಿ. ಇನ್ನೊಂಚೂರು ಮ್ಯಾಲ. ಹಾಂ, ಅದ ಮುತ್ತು."

"ಹಿಟ್ಟು ಮೂಗಿನ್ಯಾಗ ಹೋಗಾಕತ್ತೇತೋ" ಎಂದು ಗೌಡತಿ ಸೀನಿದರು. ಹಿಟ್ಟೆಲ್ಲ ನನ್ನ ಮೀಸೆಗೆ ಬಂತು. ಮನೆಯವರು ನಗುತ್ತಿರುವಾಗಲೇ ಅಂಗಳಕ್ಕೆ ಚಕ್ಕಡಿ ಬಂದು ನಿಂತಿತು. ಇಳಿದವನು ಅಜ್ಜನ ಮಗ ಬಸಲಿಂಗಪ್ಪ. ಎತ್ತುಗಳ ಬಾಯಲ್ಲಿ ನೊರೆ ಇತ್ತು.

"ಪತ್ತಾರ, ನಡಿ" ಎಂದ. ನನ್ನ ಮೀಸೆ ನೋಡಿಯೂ ಅವನಿಗೆ ನಗು ಬರಲಿಲ್ಲ. "ಲಿಂಗ ಕರಡಗಿ ಬಿಟ್ಟು ಬರವಲ್ದು. ಅಪ್ಪ ನಿನ್ನಿ ಸಂಜಿ ಪೂಜಾಕ ಕುಂತಾಂವ ಇನ್ನೂ ಎದ್ದಿಲ್ಲ. ಪೂಜಾ ಆಗದ ನೀರು ಮುಟ್ಟಾಂವಲ್ಲ ಅಂವ, ನಿನಗ ಗೊತ್ತೈತಿ."

ಗೊತ್ತಿತ್ತು. ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ, ಆ ತೀರ್ಥ ಕುಡಿದ ಮೇಲೆಯೇ ಅವರು ಬೇರೆ ನೀರು ಮುಟ್ಟುವವರು. ಚೀಲ ಎತ್ತಿಕೊಂಡು ಚಕ್ಕಡಿ ಹತ್ತಿದೆ. ಅರ್ಧ ದಾರಿಯಲ್ಲಿ ಅವನು ಒಂದೇ ಮಾತು ಹೇಳಿದ. "ಅದು ನಮ್ಮವ್ವನ ಬೆಳ್ಳಿ. ಅಕಿ ಹೋದಮ್ಯಾಲ ಅಕಿ ಕಾಲಿನ ಪೈಜಣ ಕರಗಿಸಿ ನಿಮ್ಮ ದೊಡ್ಡಪ್ಪನ ಕೈಲೆ ಮಾಡಿಸಿದ್ದ ಅಪ್ಪ."

ಪಡಸಾಲೆಯಲ್ಲಿ ಓಣಿಯ ಹಿರಿಯರು ಗೋಡೆಗೊರಗಿ ಕೂತಿದ್ದರು. ಅಜ್ಜ ಮಣೆಯ ಮೇಲೆ, ಅಂಗೈಯಲ್ಲಿ ತೆರೆದ ಕರಡಿಗೆ. ತುಟಿ ಒಣಗಿ ಬಿಳಿಚಿತ್ತು. ಪಕ್ಕದಲ್ಲಿ ತಾಮ್ರದ ತಂಬಿಗೆಯ ತುಂಬ ನೀರು, ಹಾಗೆಯೇ ಇತ್ತು. ನಾನು ಬಗ್ಗಿ ನೋಡಿದೆ. ಲಿಂಗದ ಅಡಿ ಬೆಳ್ಳಿಗೆ ಕಚ್ಚಿಕೊಂಡು ಗಟ್ಟಿಯಾಗಿತ್ತು.

ಎಲ್ಲರೂ ಒಂದೊಂದು ಹೇಳಿದರು. ಇನ್ನೊಮ್ಮೆ ಕಾಯಿಸು, ಬಿಡುತ್ತದೆ ಎಂದ ಒಬ್ಬ. ಬಿಡುತ್ತದೆ ನಿಜ, ಆದರೆ ಕಂಥಿ ಹರಿದು ಆಕಾರ ಕೆಡುತ್ತದೆ. ಎಣ್ಣೆ ಬಿಡು ಎಂದ ಇನ್ನೊಬ್ಬ. ಎಣ್ಣೆ ಇಳಿಯಲು ಎರಡು ದಿನ ಬೇಕು. ಅಜ್ಜನ ಮುಖ ನೋಡಿದರೆ ಎರಡು ತಾಸಿನ ಧೈರ್ಯವೂ ನನಗಿರಲಿಲ್ಲ. ಮೀಟಿದರೆ ಲಿಂಗವೇ ಸೀಳಬಹುದು. ಸೀಳಿದರೆ ಆ ಮನೆಯ ಹೊಸ್ತಿಲನ್ನು ನಾನು ಮತ್ತೆ ತುಳಿಯುವ ಹಾಗಿರಲಿಲ್ಲ. ಅಜ್ಜ ಏನಾಗುತ್ತಿದ್ದರೋ ಅದನ್ನು ಯೋಚಿಸಲೂ ಆಗಲಿಲ್ಲ.

"ಅಜ್ಜಾರ, ಬೆಳ್ಳಿ ಸೀಳಬೇಕಾಗತೈತ್ರಿ" ಎಂದೆ.

ಅಜ್ಜ ಸ್ವಲ್ಪ ಹೊತ್ತು ಕೆತ್ತನೆಯ ಬಳ್ಳಿಯನ್ನು ನೋಡಿದರು. ಹೆಬ್ಬೆರಳಿನಿಂದ ಒಮ್ಮೆ ಸವರಿದರು. "ಸೀಳು" ಎಂದರು. "ಕೈ ಕೊಯ್ದ್ರೂ ಚಿಂತಿಲ್ಲ. ಅದಕ ಮಾತ್ರ ಉಳಿ ತಾಗಸಬ್ಯಾಡ. ಮತ್ತ ನನ್ನ ಅಂಗೈ ಬಿಟ್ಟು ಎಲ್ಲೂ ಇಡಬ್ಯಾಡ."

ಕಟ್ಟಿಗೆಯ ದಿಮ್ಮಿಯ ಮೇಲೆ ಒಡವೆ ಇಟ್ಟು ಕೊರೆಯುವುದನ್ನು ಕಲಿತವನು ನಾನು. ನಡುಗುವ ಅಂಗೈಯ ಮೇಲೆ ಯಾರು ಕಲಿಸಿದ್ದರು? ನೀಲವ್ವ ಒಳಗೆ ಹೋಗಿ ಸಣ್ಣದೊಂದು ಚೀಲದಲ್ಲಿ ಜೋಳ ತುಂಬಿ ತಂದು ಮಾವನ ಕೈಯ ಕೆಳಗೆ ಇಟ್ಟಳು. ಕೈ ಜೋಳದಲ್ಲಿ ಹೂತುಕೊಂಡು ನಿಂತಿತು. ಆಮೇಲೆ ತನ್ನ ಸೆರಗನ್ನು ಕೆಳಗೆ ಹಾಸಿ ಹಿಡಿದಳು. "ಅತ್ತಿ ಬೆಳ್ಳಿ. ಪುಡಿ ಸೈತ ನೆಲಕ ಬೀಳಬಾರದು" ಎಂದಳು.

ಚೂಪಾದ ಮೊನೆಯ ಉಳಿಯನ್ನು ತೆಗೆದೆ. ಸುತ್ತಿಗೆ ಮುಟ್ಟಲಿಲ್ಲ. ಅಂಚಿನಿಂದ ಅಡಿಯವರೆಗೆ ಒಂದು ಗೆರೆ ಎಳೆದೆ, ಅದೇ ಗೆರೆಯ ಮೇಲೆ ಮತ್ತೊಂದು, ಮತ್ತೊಂದು. ಪ್ರತಿ ಸಲ ಕೂದಲೆಳೆಯಷ್ಟು ಬೆಳ್ಳಿ ಸುರುಳಿಯಾಗಿ ಸೆರಗಿಗೆ ಬೀಳುತ್ತಿತ್ತು. ಎಷ್ಟು ಆಳ ಹೋದೆನೆಂದು ಕಣ್ಣಿಗೆ ಕಾಣುವಂತಿರಲಿಲ್ಲ. ಆಗ ನನಗೆ ಗೊತ್ತಾದದ್ದು, ದಪ್ಪ ಬೆಳ್ಳಿ ಒಂದು ಸದ್ದು ಮಾಡುತ್ತದೆ, ತೆಳುವಾಗುತ್ತ ಬಂದ ಬೆಳ್ಳಿ ಇನ್ನೊಂದು. ಮೊದಲು ಕಿರ್ರೆನ್ನುತ್ತಿದ್ದುದು ಬರಬರುತ್ತ ಒಣ ಎಲೆಯ ಮೇಲೆ ಬೆರಳು ಎಳೆದಂತಾಯಿತು. ನಾನು ತಲೆ ಬಗ್ಗಿಸಿ ಅಜ್ಜನ ಅಂಗೈಗೆ ಕಿವಿ ಹಚ್ಚಿಕೊಂಡು ಕೊರೆದೆ. ನಿನ್ನೆ ಹಚ್ಚಬೇಕಾದ ಕಿವಿಯನ್ನು ಇವತ್ತು ಹಚ್ಚಿದ್ದೆ. ಯಾರೋ ಕೆಮ್ಮಿದಾಗ ಬಸಲಿಂಗಪ್ಪ ಅವರನ್ನು ಹೊರಗೆ ಕಳಿಸಿದ.

ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಬರುವಾಗ ನನ್ನ ಬೆವರಿನ ಹನಿಯೊಂದು ಅಜ್ಜನ ಮುಂಗೈ ಮೇಲೆ ಬಿತ್ತು. "ಅವಸರ ಮಾಡಬ್ಯಾಡ" ಎಂದರು ಅವರು, ಬಹಳ ಮೆಲ್ಲಗೆ. "ನಿನ್ನಿ ಅವಸರ ಮಾಡಿದ್ದ ಸಾಕು."

ಕೊನೆಗೆ ಸದ್ದು ಸತ್ತಂತಾಯಿತು. ಉಳಿ ಬಿಟ್ಟು ಚಪ್ಪಟೆ ಇಕ್ಕಳ ಹಿಡಿದು ಅಂಚನ್ನು ಹೊರಕ್ಕೆ ಬಾಗಿಸಿದೆ. ಬೆಳ್ಳಿ ಅವರೆಕಾಯಿಯ ಸಿಪ್ಪೆಯಂತೆ ಗೆರೆಗುಂಟ ಬಿಚ್ಚಿಕೊಂಡು ಆ ಕಡೆ ಈ ಕಡೆ ಮಲಗಿತು. ಅಜ್ಜ ಬಲಗೈಯ ಎರಡು ಬೆರಳಿನಿಂದ ಲಿಂಗವನ್ನು ಹಿಡಿದು ಮೆಲ್ಲಗೆ ಹೊರಳಿಸಿದರು. ಟಿಕ್ ಎಂದಿತು. ಇಡಿಯಾಗಿ ಬಂತು. ಅಡಿಯಲ್ಲಿ ಬೇಳೆಯಷ್ಟು ಜಾಗ ಮಾತ್ರ ನುಣ್ಣಗೆ ಮಿಂಚುತ್ತಿತ್ತು. ಬೇರೆ ಒಂದು ಗೀರೂ ಇರಲಿಲ್ಲ.

ಪಡಸಾಲೆಯಲ್ಲಿ ಕೂತ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನು ಹಿಂದಕ್ಕೆ ಸರಿದು ಕಂಬಕ್ಕೆ ಒರಗಿದೆ. ಅಜ್ಜ ಅವಸರವಿಲ್ಲದೆ ಪೂಜೆ ಮಾಡಿದರು. ನೀರೆರೆದರು, ವಿಭೂತಿ ಹಚ್ಚಿದರು, ಪತ್ರಿ ಏರಿಸಿದರು. ತೀರ್ಥ ತೆಗೆದುಕೊಂಡು, ಆಮೇಲೆ ತಂಬಿಗೆ ಎತ್ತಿ ಗಟಗಟನೆ ಕುಡಿದರು. ಅರ್ಧ ತಂಬಿಗೆ ಖಾಲಿಯಾದ ಮೇಲೆ ನನ್ನ ಕಡೆ ತಿರುಗಿದರು. ಬೈಗಳಿಗೆ ನಾನು ಸಿದ್ಧನಾಗಿದ್ದೆ.

"ಏನಪಾ ಪತ್ತಾರ" ಎಂದರು. "ಪಾವಡ ಒಣಗೇತೇನು, ನೋಡಿ ಬಾ."

ಮೊದಲು ನಕ್ಕವಳು ನೀಲವ್ವ. ಆಮೇಲೆ ಎಲ್ಲರೂ ನಕ್ಕರು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದು, ಮೀಸೆಯಲ್ಲಿ ಉಳಿದಿದ್ದ ಅಕ್ಕಿಹಿಟ್ಟು ಹಸಿಯಾಗಿ ಅಂಟಿಕೊಂಡಿತು. ಅದನ್ನು ನೋಡಿ ಬಸಲಿಂಗಪ್ಪನೂ ನಕ್ಕ. ಲಿಂಗವನ್ನು ಒಣ ಪಾವಡದಲ್ಲಿ ಸುತ್ತಿ ಅಜ್ಜ ಕೊರಳಿಗೆ ಕಟ್ಟಿಕೊಂಡರು. ಆ ದಿನ ನನಗೆ ಅಲ್ಲಿಯೇ ಊಟ. ಅಷ್ಟು ರುಚಿಯ ರೊಟ್ಟಿ ನಾನು ಮತ್ತೆ ತಿಂದಿಲ್ಲ.

ಸೀಳಿದ ಕರಡಿಗೆ ಮತ್ತು ಗಂಟು ಕಟ್ಟಿದ ಬೆಳ್ಳಿಯ ಸುರುಳಿಗಳನ್ನು ದೊಡ್ಡಪ್ಪನ ಮುಂದೆ ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ತಾನು ಕೆತ್ತಿದ ಬಳ್ಳಿಯನ್ನು ಆತ ಗುರುತು ಹಿಡಿದ. ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದ.

"ಗೆರಿ ನೆಟ್ಟಗ ಬಂದೈತಿ" ಎಂದ. ಅಷ್ಟೆ. ಅದು ನಾನು ಆತನಿಂದ ಕೇಳಿದ ಒಂದೇ ಒಂದು ಹೊಗಳಿಕೆ. ಮರುಕ್ಷಣವೇ, "ನೀ ಸೀಳೀದಿ, ನೀನ ಕೂಡಸು. ಬೆಸುಗಿಗೆ ಈ ಪುಡಿನ ಹಾಕು, ಹೊರಗಿನ ಬೆಳ್ಳಿ ಕೂಡಸಬ್ಯಾಡ" ಎಂದು ಚಿಮಟ ನನ್ನ ಕಡೆ ಎಸೆದ. ಬೆಸುಗೆ ಹರಿಯಲು ಬೇಕಾದಷ್ಟೇ ಚೂರು ಹಿತ್ತಾಳೆ ಸೇರಿಸಿದೆ. ಉಳಿದದ್ದೆಲ್ಲ ಆ ಅವ್ವನ ಪೈಜಣದ ಬೆಳ್ಳಿಯೇ.

ನಾಲ್ಕನೆಯ ದಿನ ಕೌಜಲಗಿಗೆ ಒಯ್ದೆ. ಪಡಸಾಲೆಯಲ್ಲಿ ಅದೇ ಹತ್ತು ಮಂದಿ, ಹೊಸ ನಾಟಕ ನೋಡಲು ಬಂದವರಂತೆ ಕೂತಿದ್ದರು. ಅಜ್ಜ ಕರಡಿಗೆಯನ್ನು ತೆಗೆದುಕೊಂಡರು. ನಾನು, "ಅಜ್ಜಾರ, ತಡೀರಿ, ಕಿವಿಗೆ ಹಚ್ಚಿ ನೋಡಬೇಕ್ರಿ" ಎಂದು ದೊಡ್ಡಪ್ಪನ ಪಾಠವನ್ನು ಒಪ್ಪಿಸಿದೆ. ಅದು ಬೆಂಕಿ ಬಿಟ್ಟು ಎರಡು ದಿನವಾಗಿತ್ತು. ಆದರೂ ಅಜ್ಜ ಗಂಭೀರವಾಗಿ ಕಿವಿಗೆ ಹಚ್ಚಿದರು, ಕಣ್ಣು ಮುಚ್ಚಿದರು, "ತಣ್ಣಗೈತಿ" ಎಂದರು. ಆಮೇಲೆ ಪಾವಡ ಸಮೇತ ಲಿಂಗವನ್ನು ಒಳಗಿಟ್ಟರು. ಕೂತವರೆಲ್ಲ ತಮ್ಮ ತಮ್ಮ ಕರಡಿಗೆಯನ್ನೂ ಮುಟ್ಟಿ ನೋಡಿಕೊಂಡರು. ಮರುವರ್ಷ ಹೋದಾಗ ಹತ್ತೂ ಮಂದಿ ನನ್ನ ಕೈಯಿಂದ ಬೆಳ್ಳಿ ತೆಗೆದುಕೊಂಡು ಮೊದಲು ಕಿವಿಗೆ ಹಚ್ಚಿದರು. ನನ್ನ ಮೇಲಿನ ನಂಬಿಕೆ ಅಷ್ಟಿತ್ತು. ಅಜ್ಜ ಅದಾದ ಮೇಲೆ ಒಂಬತ್ತು ಶ್ರಾವಣ ಕಂಡರು.

ಕಾಲ ಸರಿಯಿತು. ಹುಕ್ಕೇರಿಗೆ ಮೋಟಾರು ಬಂತು. ಡಬ್ಬಿಯಲ್ಲಿ ಬಿಳಿ ಪುಡಿ ಬಂತು, ಶೀಶೆಯಲ್ಲಿ ಖಾರವಾದ ನೀರು ಬಂತು. ಅದ್ದಿ ತೆಗೆದರೆ ಕರಿಯ ಬೆಳ್ಳಿ ಒಂದೇ ಗಳಿಗೆಯಲ್ಲಿ ಬಿಳುಪಾಗುತ್ತದೆ. ನಾನು ಕೊನೆಗೆ ಕೆಲಸ ಮಾಡಿದ ಹುಕ್ಕೇರಿಯ ಅಂಗಡಿಯ ಸಾಹುಕಾರರಿಗೆ ಅದರ ಹುಚ್ಚು. "ಕೆತ್ತನಿ ಸಂದ್ಯಾಗಿನ ಕರಿ ಯಾಕ ಬಿಟ್ಟಿ, ಮಾನಪ್ಪಾ?" ಎನ್ನುತ್ತಿದ್ದರು. ಆ ಕಪ್ಪು ಇದ್ದರೇ ಬಳ್ಳಿ ಬಳ್ಳಿಯಾಗಿ ಕಾಣುತ್ತದೆ, ಎಲ್ಲ ಬಿಳುಪಾದರೆ ಸುಣ್ಣದ ಗೋಡೆಯಾಗುತ್ತದೆ ಎಂದು ಅವರಿಗೆ ಹೇಳಿ ಹೇಳಿ ಸಾಕಾಯಿತು. ಡಬ್ಬಿಯ ಪುಡಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹರಳಿಲ್ಲದ, ಕೆತ್ತನೆಯಿಲ್ಲದ ಬೆಳ್ಳಿಗೆ ಬಳಸಿರಿ. ಮುತ್ತು, ಹವಳ ಇದ್ದರೆ ಡಬ್ಬಿಯ ಮುಚ್ಚಳವನ್ನೇ ತೆಗೆಯಬೇಡಿರಿ.

ಕೆಲಸ ಬಿಡುವ ವರ್ಷ ಹುಕ್ಕೇರಿಯ ಅಂಗಡಿಗೆ ಒಬ್ಬ ಮುದುಕಿ ಬಂದಳು, ಜೊತೆಗೆ ಹತ್ತು ಹನ್ನೆರಡರ ಮೊಮ್ಮಗಳು. ಮುದುಕಿಯನ್ನು ಗುರುತು ಹಿಡಿಯಲು ನನಗೆ ಹೊತ್ತು ಹಿಡಿಯಿತು. ನೀಲವ್ವ. ಮೊಮ್ಮಗಳಿಗೆ ಲಿಂಗದೀಕ್ಷೆಯಾಗಿತ್ತು, ಹೊಸ ಕರಡಿಗೆ ಬೇಕಿತ್ತು. ಒಂದನ್ನು ಆರಿಸಿ, ಉಜ್ಜಿ ಹುಡುಗಿಯ ಕೈಗೆ ಕೊಟ್ಟೆ. ಶೆಗಡಿಯ ಸುಳಿವೂ ಇರಲಿಲ್ಲ. ಆದರೂ ಹುಡುಗಿ ಅದನ್ನು ಕಿವಿಗೆ ಹಚ್ಚಿ, ಒಂದು ಕ್ಷಣ ಕಣ್ಣು ಮುಚ್ಚಿ, ಆಮೇಲೆ ಪಾವಡ ಬಿಚ್ಚಿದಳು.

"ಯಾಕವಾ ತಂಗಿ, ಕಿವಿಗೆ ಯಾಕ ಹಚ್ಚಿದಿ?" ಎಂದೆ.

ಹುಡುಗಿಗೆ ನನ್ನ ಅಜ್ಞಾನ ಕಂಡು ಮರುಕ ಬಂದಂತಿತ್ತು. "ಹಂಗ ಮಾಡಬೇಕ್ರಿ ಅಜ್ಜಾ. ಮದಲ ಕಿವಿಗೆ ಹಚ್ಚೂದು, ಆಮ್ಯಾಲ ಒಳಗ ಇಡೂದು. ನಮ್ಮೂರಾಗ ಹಿಂದಿನಿಂದ್ಲೂ ಹಂಗ ಐತ್ರಿ. ಬಾಳ ಹಿರ್ಯಾರು ಹಾಕಿಕೊಟ್ಟ ಪದ್ಧತಿ ಅದು."

ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೀದಿಯ ಕಡೆ ನೋಡುತ್ತಿದ್ದಳು. ಅವಳ ಭುಜ ನಗುವಿನಿಂದ ಕುಲುಕುತ್ತಿತ್ತು.

"ಖರೆ ಐತವಾ" ಎಂದೆ ನಾನು. "ಬಿಡಬ್ಯಾಡ್ರಿ ಅದನ್ನ."